ಹನ್ನೆರಡು ಪದಗಳನ್ನು ಕನ್ನಡದಲ್ಲಿ ಬರೆದಿಡಬಹುದೇ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಕನ್ನಡ ಮೇಷ್ಟ್ರು. ಅಳಿಯನ ಮಾತು ಕೇಳಿ ಒಂದು ಆ್ಯಪ್‌ನಲ್ಲಿ ಐದು ಸಾವಿರ ರೂಪಾಯಿಯ ಬಿಟ್‌ಕಾಯಿನ್ ಕೊಂಡೆ. ‘ಆ್ಯಪ್‌ನಲ್ಲೇ ಬಿಡಬೇಡಿ ಮಾವ, ಸ್ವಂತ ವಾಲೆಟ್‌ಗೆ ಹಾಕಿಕೊಳ್ಳಿ’ ಎಂದು ಅವನೇ ಲ್ಯಾಪ್‌ಟಾಪಿಗೆ ಎಲೆಕ್ಟ್ರಮ್ ಎಂಬ ವಾಲೆಟ್ ಸಾಫ್ಟ್‌ವೇರ್ ಹಾಕಿಕೊಟ್ಟು ಪುಣೆಗೆ ಹೋದ. ತೆರೆದರೆ ನಾಲ್ಕು ಬಗೆಯ ವಾಲೆಟ್ ತೋರಿಸಿ ಯಾವುದು ಬೇಕು ಅನ್ನುತ್ತದೆ. ಮೊದಲನೆಯದನ್ನೇ ಒತ್ತಿದೆ. ಒಂದಕ್ಕೊಂದು ಸಂಬಂಧವಿಲ್ಲದ ಹನ್ನೆರಡು ಇಂಗ್ಲಿಷ್ ಪದ ಬಂದವು. ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಂಡು, ಹೆದರಿ ಮುಚ್ಚಿಬಿಟ್ಟೆ. ಫೋಟೊ ಸಾಕೇ? ಇಲ್ಲ, ಡೈರಿಯಲ್ಲಿ ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಕಳ್ಳರಿಗೂ ಗೊತ್ತಾಗುವುದಿಲ್ಲ ಅಲ್ಲವೇ? ಮುಂದೇನು ಮಾಡಲಿ?
— ಹೆಸರು ಬೇಡ ಎಂದವರು, ಸಾಗರ

ಉತ್ತರ: ಮೇಷ್ಟ್ರೇ, ಮೊದಲು ಆ ಹನ್ನೆರಡು ಪದಗಳನ್ನು ಕೈಬಿಡಿ. ಮೊಬೈಲ್ ಫೋಟೊ ನಿಮಗೆ ಗೊತ್ತಿಲ್ಲದೆಯೇ ಗೂಗಲ್ ಫೋಟೋಸ್‌ಗೆ ಏರಿರಬಹುದು, ಅಲ್ಲಿಂದ ಮೊಮ್ಮಗನ ಟ್ಯಾಬ್‌ಗೂ ಇಳಿದಿರಬಹುದು. ಸಾಲದ್ದಕ್ಕೆ ಮೊದಲ ಮೂರು ಪದಗಳನ್ನು ಪತ್ರದಲ್ಲೂ ಬರೆದಿದ್ದಿರಿ. ಅಚ್ಚಿಗೆ ಕೊಡುವ ಮುಂಚೆ ನಾನೇ ಹೊಡೆದುಹಾಕಿದೆ. ದುಡ್ಡು ಇನ್ನೂ ಅಲ್ಲಿಗೆ ಹೋಗಿಲ್ಲವಾದ್ದರಿಂದ ನಷ್ಟವೇನಿಲ್ಲ. ಫೋಟೊ ಅಳಿಸಿ, ಬೇರೆ ಹೆಸರು ಕೊಟ್ಟು ಹೊಸ ವಾಲೆಟ್ ಮಾಡಿ. ನೀವು ಒತ್ತಿದ ‘ಸ್ಟ್ಯಾಂಡರ್ಡ್ ವಾಲೆಟ್’ ಸರಿಯಾದದ್ದೇ. ಉಳಿದ ಮೂರು ಸದ್ಯಕ್ಕೆ ನಿಮಗಲ್ಲ.

ಹೆಸರು ವಾಲೆಟ್ ಆದರೂ ಅದರೊಳಗೆ ಬಿಟ್‌ಕಾಯಿನ್ ಇರುವುದಿಲ್ಲ. ಯಾವ ವಿಳಾಸಕ್ಕೆ (ಬ್ಯಾಂಕ್ ಖಾತೆ ಸಂಖ್ಯೆಯಂಥದ್ದು) ಎಷ್ಟು ಸೇರಿದ್ದು ಎಂಬ ಖಾತೆ ಪುಸ್ತಕ ಲೋಕದ ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ, 2009ರ ಜನವರಿಯಿಂದ. ನಿಮ್ಮ ಬಳಿ ಇರುವುದು ಸಹಿ ಹಾಕುವ ಅಧಿಕಾರ ಮಾತ್ರ, ಆ ಅಧಿಕಾರ ಹುಟ್ಟುವುದು ಹನ್ನೆರಡು ಪದಗಳಿಂದ. ಲ್ಯಾಪ್‌ಟಾಪ್ ಸುಟ್ಟುಹೋದರೂ ಪದಗಳಿದ್ದರೆ ಇನ್ನೊಂದರಲ್ಲಿ ಎಲ್ಲ ವಾಪಸ್ ಬರುತ್ತದೆ. ಎಲೆಕ್ಟ್ರಮ್ ಕೇಳುವ ಪಾಸ್‌ವರ್ಡ್ ಈ ಲ್ಯಾಪ್‌ಟಾಪಿನ ಫೈಲಿಗೆ ಹಾಕುವ ಬೀಗ, ಅಷ್ಟೇ. ಅದನ್ನು ಮರೆತರೆ ಪದಗಳು ಕಾಯುತ್ತವೆ. ಪದಗಳೂ ಹೋಗಿ ಲ್ಯಾಪ್‌ಟಾಪೂ ಹೋದರೆ ದೂರು ಕೊಡಲು ಕೌಂಟರ್ ಇಲ್ಲ.

ಇನ್ನು ನಿಮ್ಮ ಕನ್ನಡ ಲಿಪಿಯ ಉಪಾಯ. ಓದಿ ಖುಷಿಯಾಯಿತು, ಆದರೆ ಬೇಡ. ಪದಗಳೆಲ್ಲ 2048 ಪದಗಳ ಒಂದು ಗೊತ್ತಾದ ಪಟ್ಟಿಯಿಂದ ಬರುತ್ತವೆ, ಸಾಫ್ಟ್‌ವೇರ್‌ಗೆ ಬೇಕಾದ್ದು ಸ್ಪೆಲಿಂಗ್. ‘ಸನ್’ ಎಂದು ಬರೆದಿಟ್ಟರೆ ಐದು ವರ್ಷದ ಮೇಲೆ ಅದು ಸೂರ್ಯನೋ ಮಗನೋ ಎಂದು ತಲೆ ಕೆರೆದುಕೊಳ್ಳುತ್ತೀರಿ. ಜಪಾನಿ, ಕೊರಿಯನ್, ಜೆಕ್ ಭಾಷೆಗಳಿಗೂ ಇಂಥ ಪಟ್ಟಿ ಮಾಡಿದ್ದಾರೆ. ಕನ್ನಡಕ್ಕೂ ಒಂದು ಬೇಕೆಂದರೆ ನಿಮ್ಮಂಥವರೇ ಕೂತು ಮಾಡಬಹುದಾದ ಕೆಲಸ ಅದು! ಸದ್ಯಕ್ಕೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆಯಿರಿ, ಒಂದರಿಂದ ಹನ್ನೆರಡರವರೆಗೆ ನಂಬರ್ ಹಾಕಿ. ಕ್ರಮ ತಪ್ಪಿದರೆ ಪದ ಸರಿಯಿದ್ದೂ ಪ್ರಯೋಜನವಿಲ್ಲ.

ದೊಡ್ಡಕ್ಷರ ಎಂದು ಒತ್ತಿ ಹೇಳಲು ಕಾರಣವಿದೆ. 2019ರಲ್ಲಿ ನಾನು ನನ್ನ ಪದಗಳನ್ನು ಜೆಲ್ ಪೆನ್ನಿನಲ್ಲಿ, ಕೂಡಕ್ಷರದಲ್ಲಿ ಬರೆದು ತೀರ್ಥಹಳ್ಳಿಯ ಮನೆಯ ಬೀರುವಿನಲ್ಲಿಟ್ಟಿದ್ದೆ. ಆಷಾಢದ ಥಂಡಿ ನಿಮಗೆ ಹೇಳಬೇಕೇ? ಶಾಯಿ ಹರಡಿ ಏಳನೇ ಪದದ ಕೊನೆಯ ಅಕ್ಷರದಲ್ಲಿ ಒಂದು ನೆಟ್ಟನೆ ಗೆರೆ ಮಾತ್ರ ಉಳಿದಿತ್ತು. ‘ವಾಲ್’ ಎಂದು ಓದಿ ಟೈಪ್ ಮಾಡಿದೆ. ‘ನೆಕ್ಸ್ಟ್’ ಬಟನ್ ಬೂದು ಬಣ್ಣದಲ್ಲೇ ಕೂತಿತ್ತು. ಮತ್ತೆ ಮಾಡಿದೆ, ಮತ್ತೆ ಬೂದು. ಅರ್ಧ ಗಂಟೆ ಬೆವರಿದ ಮೇಲೆ, ‘ಕೆ’ ಅಕ್ಷರದ ಎರಡು ಕಾಲು ಅಳಿಸಿಹೋಗಿದ್ದರೆ ಹೀಗೇ ಕಾಣುತ್ತದಲ್ಲ ಅನ್ನಿಸಿ ‘ವಾಕ್’ ಎಂದು ಹೊಡೆದೆ. ಬಟನ್ ಜೀವ ಪಡೆಯಿತು. ಎರಡೂ ಪಟ್ಟಿಯಲ್ಲಿರುವ ಪದಗಳೇ, ಆದರೆ ಹನ್ನೆರಡೂ ಸೇರಿ ಹೊಂದುತ್ತವೆಯೇ ಎಂದು ನೋಡುವ ತಾಳೆ ಲೆಕ್ಕವೊಂದು ಒಳಗಿದೆ. ಅದರಿಂದ ಬಚಾವಾದೆ. ಆಗ ಅದರಲ್ಲಿದ್ದದ್ದು 1,800 ರೂಪಾಯಿ, ಮರ್ಯಾದೆ ಮಾತ್ರ ದೊಡ್ಡದಿತ್ತು. ಈಗ ಪೆನ್ಸಿಲ್‌ನಲ್ಲಿ ಬರೆದು ಎರಡು ಪ್ರತಿ ಇಟ್ಟಿದ್ದೇನೆ, ಎರಡೂ ಪ್ಲಾಸ್ಟಿಕ್ ಕವರಿನಲ್ಲಿ, ಬೇರೆ ಬೇರೆ ಮನೆಯಲ್ಲಿ. ಕಾಗದದ ಮೇಲೆ ‘ಎಲೆಕ್ಟ್ರಮ್’ ಎಂಬ ಹೆಸರು, ವರ್ಷವನ್ನೂ ಬರೆಯಿರಿ. ಎಲೆಕ್ಟ್ರಮ್ ಪದಗಳನ್ನು ಜೋಡಿಸುವ ಕ್ರಮ ತನ್ನದೇ, ಬಹಳಷ್ಟು ಬೇರೆ ವಾಲೆಟ್‌ಗಳು ಅವನ್ನು ಒಪ್ಪುವುದಿಲ್ಲ.

ದುಡ್ಡು ಹಾಕುವ ಮುಂಚೆ ಒಂದು ರಿಹರ್ಸಲ್ ಮಾಡಿ. ಇದನ್ನು ಬಿಟ್ಟು ಬೇರೆ ಏನು ಮರೆತರೂ ಪರವಾಗಿಲ್ಲ. ‘ರಿಸೀವ್’ನಲ್ಲಿ ಮೊದಲು ಬರುವ ವಿಳಾಸದ ಕೊನೆಯ ಆರು ಅಕ್ಷರ ಬರೆದುಕೊಳ್ಳಿ. ‘ಫೈಲ್’ ಮೆನುವಿನಿಂದ ವಾಲೆಟ್ ಅನ್ನು ಡಿಲೀಟ್ ಮಾಡಿ. ಕೈ ನಡುಗುತ್ತದೆ, ನಡುಗಲಿ, ಖಾಲಿ ವಾಲೆಟ್ ಅದು. ಆಮೇಲೆ ‘ನನ್ನ ಬಳಿ ಈಗಾಗಲೇ ಸೀಡ್ ಇದೆ’ ಎಂಬ ಆಯ್ಕೆ ಒತ್ತಿ (ಸೀಡ್ ಎಂದರೆ ಆ ಹನ್ನೆರಡು ಪದಗಳೇ), ಕಾಗದ ನೋಡಿಕೊಂಡೇ ಟೈಪ್ ಮಾಡಿ. ಅದೇ ವಿಳಾಸ ಬಂದರೆ ನಿಮ್ಮ ಕಾಗದ ಪಾಸ್.

ಅಳಿಯ ಎಲ್ಲಿಂದ ಡೌನ್‌ಲೋಡ್ ಮಾಡಿದ ಎಂದೂ ಕೇಳಿ. ಎಲೆಕ್ಟ್ರಮ್ ಡಾಟ್ ಓಆರ್‌ಜಿ ಬಿಟ್ಟು ಬೇರೆಲ್ಲಿಂದಾದರೂ ತಂದಿದ್ದರೆ ತೆಗೆದುಹಾಕಿ. 2018ರ ಕೊನೆಯಲ್ಲಿ ವಂಚಕರು ತಾವೇ ಸರ್ವರ್‌ಗಳನ್ನಿಟ್ಟು, ಹಣ ಕಳಿಸಲು ಹೋದವರ ಎಲೆಕ್ಟ್ರಮ್ ಒಳಗೇ ‘ಅಪ್‌ಡೇಟ್ ಮಾಡಿ’ ಎಂಬ ಸಂದೇಶ ಮೂಡಿಸಿ, ನಕಲಿ ಆವೃತ್ತಿ ಹಾಕಿಸಿ ಇನ್ನೂರಕ್ಕೂ ಹೆಚ್ಚು ಬಿಟ್‌ಕಾಯಿನ್ ದೋಚಿದರು. ಹಾಗಾಗಿ ಅಪ್‌ಡೇಟ್ ಅಂದರೆ ಸೈಟಿನ ಹೆಸರು ನೀವೇ ಟೈಪ್ ಮಾಡಿ ಹೋಗಬೇಕು.

ಕಳಿಸುವಾಗ ವಿಳಾಸ ಕಾಪಿ ಮಾಡಿ ಪೇಸ್ಟ್ ಮಾಡಿದ ಮೇಲೂ ಮೊದಲ, ಕೊನೆಯ ಕೆಲವು ಅಕ್ಷರ ತಾಳೆ ನೋಡಿ. ನಡುವೆ ವಿಳಾಸವನ್ನೇ ಬದಲಿಸುವ ವೈರಸ್‌ಗಳಿವೆ. ಕೆಳಗೆ ಬಲಮೂಲೆಯ ದುಂಡು ಗುರುತು ಹಸಿರಿದ್ದರೆ ನೆಟ್‌ವರ್ಕ್ ಸಿಕ್ಕಿದೆ, ಕೆಂಪಾದರೆ ಇಲ್ಲ. ಹತ್ತು ನಿಮಿಷಕ್ಕೊಂದು ಬ್ಲಾಕ್ (ಆ ಖಾತೆ ಪುಸ್ತಕದ ಹೊಸ ಪುಟ) ಎನ್ನುವುದು ಸರಾಸರಿ ಲೆಕ್ಕ, ಒಂದು ಗಂಟೆ ಕಾದರೂ ಗಾಬರಿ ಬೇಡ. ನಿಮ್ಮ ಆ್ಯಪ್ ಹೊರಗೆ ಕಳಿಸಲು ಬಿಡುತ್ತದೆಯೇ, ಎಷ್ಟು ಶುಲ್ಕ ಎಂದು ಮೊದಲೇ ನೋಡಿ. ಕೆಲವು ಬಿಡುವುದೇ ಇಲ್ಲ, ಬಿಟ್ಟರೂ ಐದು ಸಾವಿರಕ್ಕೆ ಶುಲ್ಕ ಚುರುಕು ಮುಟ್ಟಿಸಬಹುದು.

ತೆರಿಗೆ: ನಿಮ್ಮದೇ ವಾಲೆಟ್‌ಗೆ ಸಾಗಿಸಿದ್ದು ಮಾರಾಟವಲ್ಲ. ಮಾರಿದಾಗ ಲಾಭಕ್ಕೆ 30% ತೆರಿಗೆ, 2022ರ ಏಪ್ರಿಲ್‌ನಿಂದ. ನಷ್ಟವನ್ನು ಬೇರೆ ಆದಾಯಕ್ಕೆ ಹೊಂದಿಸಲು ಬಿಡುವುದಿಲ್ಲ. ಕೊಂಡ ರಸೀದಿ ಇಟ್ಟುಕೊಳ್ಳಿ.

ಕಾಗದ ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ. ಮಗಳಿಗೋ ಅಳಿಯನಿಗೋ ಎಂಬುದು ನಿಮಗೆ ಬಿಟ್ಟದ್ದು. ಪದ ಗೊತ್ತಿದ್ದವರಿಗೆ ಪಾಸ್‌ವರ್ಡ್ ಬೇಕಾಗುವುದಿಲ್ಲ.