ಗಲ್ಲಾಪೆಟ್ಟಿಗೆ ಕಾಣದ ಅಂಗಡಿ

ಸಂಪಾದಕರ ಉತ್ತರ

ಅರಕಲಗೂಡು ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಮುಖ್ಯವಾದಷ್ಟು ಇಲ್ಲಿದೆ:

"ಕಳೆದ ಸಂಚಿಕೆಯಲ್ಲಿ ‘ನಮ್ಮೂರ ರೀಲ್ಸ್ ರಾಣಿಯರು’ ಅಂತ, ಫೋನಿನಲ್ಲಿ ಕ್ರೀಮು ಸೀರಂ ತೋರಿಸಿ ವಿಡಿಯೊ ಮಾಡುವ ಹುಡುಗಿಯರ ಬಗ್ಗೆ ಎರಡು ಪುಟ ಹಾಕಿದ್ದೀರಿ. ನನ್ನ ಮಗಳು ಸೆಕೆಂಡ್ ಪಿಯುಸಿ. ಅಂಥದ್ದೇ ಒಬ್ಬ ಅಕ್ಕ ನಮ್ಮ ಕಡೆಯ ಮಾತಿನಲ್ಲೇ ‘ನಾನೇ ಬಳಸ್ತಿರೋದು ಕಣ್ರೇ’ ಅಂದದ್ದನ್ನು ನಂಬಿ ಏಳುನೂರು ರೂಪಾಯಿ ಕೊಟ್ಟು ಮುಖಕ್ಕೆ ಹಚ್ಚುವ ಒಂದು ಸೀರಂ ತರಿಸಿಕೊಂಡಳು. ಹತ್ತು ದಿನಕ್ಕೆ ಕೆನ್ನೆ ಕೆಂಪಾಗಿ ಸಿಪ್ಪೆ ಏಳತೊಡಗಿತು. ಅಷ್ಟರಲ್ಲಿ ಆ ಅಕ್ಕ ಬೇರೆ ಕಂಪನಿಯ ಬಾಟಲಿ ಹಿಡಿದುಕೊಂಡು ‘ಇದಕ್ಕಿಂತ ಒಳ್ಳೇದು ನಾನು ನೋಡೇ ಇಲ್ಲ’ ಅನ್ನುತ್ತಿದ್ದಳು. ಇವರೆಲ್ಲ ಕಾಸಿಗೆ ನಾಲಿಗೆ ಮಾರಿಕೊಂಡವರು, ಒಬ್ಬರನ್ನೂ ನಂಬಬಾರದು. ನಮ್ಮ ಕಾಲದಲ್ಲಿ ಜಾಹೀರಾತು ಜಾಹೀರಾತಿನ ಹಾಗೇ ಇರುತ್ತಿತ್ತು. ಯಾರ ಕಾಸು ಅಂತ ನೀವಾದರೂ ಕೇಳಬಾರದಿತ್ತೇ? ಅಥವಾ ನಿಮಗೂ ಬಂತೋ?"

ಮಾನ್ಯರೇ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಕಾಸು ಬರಲಿಲ್ಲ. ಆದರೆ ಸಂಚಿಕೆ ಹೊರಬಿದ್ದ ವಾರದಲ್ಲಿ ಕಚೇರಿಗೆ ಎರಡು ಬಾಕ್ಸ್ ಬಂದವು. ಫೇಸ್‌ವಾಶ್, ಸನ್‌ಸ್ಕ್ರೀನ್, ಎಂಥದೋ ಕ್ರೀಮು, ಮೇಲೊಂದು ಚೀಟಿ: ‘ನಮ್ಮ ಕಡೆಯಿಂದ ಸಣ್ಣ ಪ್ರೀತಿ’. ಒಂದನ್ನು ಪುಟ ಕಟ್ಟುವ ಹುಡುಗಿಗೆ ಕೊಟ್ಟೆ, ಇನ್ನೊಂದನ್ನು ಮನೆಗೆ ಒಯ್ದೆ. ಇದರಲ್ಲಿ ತಪ್ಪೇನಾದರೂ ಇದೆ ಅಂತ ಆಗ ಹೊಳೆಯಲೇ ಇಲ್ಲ. ನಿಮ್ಮ ಪತ್ರ ಓದುವಾಗ ಮಾತ್ರ ಆ ಹುಡುಗಿಯರ ಪರವಾಗಿ ಒಳಗೊಳಗೇ ವಾದ ಹೂಡತೊಡಗಿದ್ದೆ. ಯಾಕಪ್ಪಾ ಇಷ್ಟು ಉರಿ ಅಂತ ನನ್ನನ್ನೇ ಕೇಳಿಕೊಂಡಾಗ ಆ ಬಾಕ್ಸ್ ನೆನಪಾಯಿತು.

ಇದನ್ನು ಲಂಚ ಅನ್ನಲಾರೆ. ನಮ್ಮಲ್ಲಿ ಇದಕ್ಕೆ ಸರಿಯಾದ ಮಾತೇ ಇದೆ: ಹಂಗು. ಲಂಚ ತಿಂದವನಿಗೆ ತಾನು ತಿಂದದ್ದು ಗೊತ್ತಿರುತ್ತದೆ. ಹಂಗಿಗೆ ಬಿದ್ದವನಿಗೆ ಅದು ತನ್ನದೇ ಅಭಿಪ್ರಾಯ ಅಂತಲೇ ಕಾಣುತ್ತದೆ.

ಇನ್ನು ಆ ಎರಡು ಪುಟದ ವಿಷಯ. ನೀವು ಹೇಳಿದ್ದು ಸರಿ. ಹೇಗೆ ಶುರು ಮಾಡಿದಿರಿ, ಮನೆಯಲ್ಲಿ ಏನಂದರು, ಎಷ್ಟು ಜನ ಫಾಲೋವರ್ಸ್, ಇಷ್ಟನ್ನೇ ಕೇಳಿ ಬಂದೆವು. ಹೊಟ್ಟೆಪಾಡು ಹೇಗೆ ನಡೆಯುತ್ತೆ ಅಂತ ಕೇಳಲಿಲ್ಲ. ಒಬ್ಬ ಕಾಂಟ್ರಾಕ್ಟರನ್ನೋ ಪುಢಾರಿಯನ್ನೋ ಮಾತಾಡಿಸಲು ಹೋಗಿದ್ದರೆ ಮೊದಲು ಕೇಳುತ್ತಿದ್ದದ್ದೇ ಅದು. ಹೆಣ್ಣುಮಕ್ಕಳು ತುಟಿಗೆ ಬಣ್ಣ ಹಚ್ಚಿಕೊಂಡು ಮಾತಾಡುವುದನ್ನು ನಾವು ಕಸುಬು ಅಂತಲೇ ಎಣಿಸಿರಲಿಲ್ಲ, ಹುಡುಗಾಟ ಅಂದುಕೊಂಡಿದ್ದೆವು. ಅದು ಕಸುಬು. ಅದರಲ್ಲಿ ವ್ಯವಹಾರವಿದೆ.

ಆದರೆ ‘ನಮ್ಮ ಕಾಲದಲ್ಲಿ’ ಅನ್ನುವ ಮಾತಿಗೆ ನನ್ನ ತಕರಾರಿದೆ. ಫೇರ್ ಅಂಡ್ ಲವ್ಲಿ ಬಂದದ್ದು 1975ರಲ್ಲಿ. ಕಪ್ಪಗಿದ್ದ ಹುಡುಗಿಗೆ ಕೆಲಸ ಸಿಗದು, ವರ ಸಿಗದು ಅಂತ ನಮ್ಮ ತಲೆಗೆ ತುಂಬಿದ್ದೇ ಅಂಥ ಜಾಹೀರಾತುಗಳು. ಹೆಸರಿನಿಂದ ‘ಫೇರ್’ ಅನ್ನುವುದನ್ನು ತೆಗೆಯಲು 2020 ಬರಬೇಕಾಯಿತು. ಮನೆಬಾಗಿಲಿಗೆ ಬರುತ್ತಿದ್ದ ಬಳೆಗಾರ ಮಾತ್ರ ಏನು ಕಡಿಮೆಯೇ? ‘ಈ ಬಣ್ಣ ನಿಮ್ಮ ಕೈಗೇ ಮಾಡಿಸಿದ ಹಾಗಿದೆ ಕಣವ್ವಾ’ ಅಂತ ಬೀದಿಯ ಎಲ್ಲ ಕೈಗಳಿಗೂ ಹೇಳುತ್ತಿದ್ದ. ಒಂದೇ ವ್ಯತ್ಯಾಸ, ಅವನ ಹೆಗಲ ಮೇಲೆ ಬಳೆಗಳ ಮಲಾರ ಇರುತ್ತಿತ್ತು. ಹೊಗಳುವವನೇ ಮಾರುವವನು ಅಂತ ನಮ್ಮಜ್ಜಿಗೆ ಕಾಣುತ್ತಿತ್ತು. ನಕ್ಕು, ಚೌಕಾಸಿ ಮಾಡಿ, ತೊಡಿಸಿಕೊಳ್ಳುತ್ತಿದ್ದಳು.

ಹಾಸನದ ಆಲೂಗೆಡ್ಡೆ ಬೆಳೆಗಾರರನ್ನೇ ನೋಡಿ. ಮೇ ತಿಂಗಳಲ್ಲಿ ಎಪಿಎಂಸಿಗೆ ಜಲಂಧರದ ಬಿತ್ತನೆ ಗೆಡ್ಡೆ ಬರುತ್ತದೆ. ‘ಒಳ್ಳೇ ಮಾಲು’ ಅಂತ ವ್ಯಾಪಾರಿ ಹೇಳಿದ ಮಾತ್ರಕ್ಕೆ ಯಾರೂ ಚೀಲ ಎತ್ತುವುದಿಲ್ಲ. ಗೆಡ್ಡೆಯನ್ನು ಕೊಯ್ದು ನೋಡುತ್ತಾರೆ, ಮೊಳಕೆಯ ಕಣ್ಣು ನೋಡುತ್ತಾರೆ, ಮೂಸುತ್ತಾರೆ, ಹೋದ ವರ್ಷ ಇವನ ಹತ್ತಿರ ಕೊಂಡವರನ್ನು ವಿಚಾರಿಸುತ್ತಾರೆ. ಮುಂದೆ ಬೆಳೆಗೆ ಅಂಗಮಾರಿ ರೋಗ ಬಿದ್ದಾಗ ಔಷಧಿ ಅಂಗಡಿಯವನು ‘ಇದನ್ನೇ ಹೊಡೀರಿ’ ಅಂದರೆ, ಈ ಕಂಪನಿ ಇವನಿಗೆ ಈ ಸಲ ಎಷ್ಟು ಟಾರ್ಗೆಟ್ ಕೊಟ್ಟಿದೆಯೋ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಆಮೇಲೆ ಕೊಳ್ಳುತ್ತಾರೆ, ಅಥವಾ ಬಿಡುತ್ತಾರೆ. ಅದೇ ಮನೆಯ ಮಗಳು ಫೋನಿನಲ್ಲಿ ಕಂಡ ಅಕ್ಕನನ್ನು ಒಂದು ಮಾತೂ ಕೇಳದೆ ನಂಬುತ್ತಾಳೆ. ಅವಳು ದಡ್ಡಿ ಅಂತಲ್ಲ. ಅಲ್ಲಿ ಅಂಗಡಿಯೇ ಕಾಣುವುದಿಲ್ಲ. ಅಕ್ಕ ಕೂತಿರುವುದು ಮಂಚದ ಮೇಲೆ, ತಲೆಗೆ ಟವೆಲ್ ಸುತ್ತಿದೆ, ಹಿಂದೆ ಗೋದ್ರೇಜ್ ಬೀರು, ಅಡುಗೆಮನೆಯಿಂದ ಕುಕ್ಕರ್ ಕೂಗು. ಗಲ್ಲಾಪೆಟ್ಟಿಗೆ ಎಲ್ಲೂ ಇಲ್ಲ.

ಗಲ್ಲಾಪೆಟ್ಟಿಗೆ ಇದ್ದೇ ಇದೆ, ಬೇರೆ ಕಡೆ ಇಟ್ಟಿದ್ದಾರೆ ಅಷ್ಟೆ. ನಿಮ್ಮ ಪತ್ರ ಬಂದಮೇಲೆ ಈ ಕೆಲಸದಲ್ಲಿರುವ ಇಬ್ಬರನ್ನು ಬಿ.ಎಂ. ರಸ್ತೆಯ ಹೋಟೆಲಿನಲ್ಲಿ ಕೂರಿಸಿಕೊಂಡು ಮಾತಾಡಿಸಿದೆ (ಕಾಫಿ ಬಿಲ್ಲು ನಾನೇ ಕೊಟ್ಟೆ). ಕಾಸು ಪಡೆದು ಮಾಡುವುದು ‘ಪೇಯ್ಡ್’. ಕಾಸಿಲ್ಲದೆ ಬರೀ ಸಾಮಾನು ಪಡೆದು ಮಾಡುವುದು ‘ಬಾರ್ಟರ್’. ಸಣ್ಣ ಊರಿನ ಹುಡುಗಿಯರ ಪಾಲಿಗೆ ಬರುವುದು ಹೆಚ್ಚಾಗಿ ಇದೇ ಅಂತೆ. ‘ನನ್ನ ಕೋಡ್ ಹಾಕಿದರೆ ಡಿಸ್ಕೌಂಟ್’ ಅಂದರೆ, ಆ ಕೋಡ್ ಹಾಕಿ ಕೊಂಡ ಪ್ರತಿ ಬಾಟಲಿಗೂ ಅವಳಿಗೆ ಕಮಿಷನ್. ಏನು ಹೇಳಬೇಕು, ಏನು ಹೇಳಬಾರದು, ಬೇರೆ ಕಂಪನಿಯ ಹೆಸರು ಎತ್ತಕೂಡದು ಅಂತ ಕಂಪನಿಯಿಂದ ಮೊದಲೇ ‘ಬ್ರೀಫ್’ ಬರುತ್ತದೆ. ‘ಚೆನ್ನಾಗಿಲ್ಲದಿದ್ದರೆ ಏನು ಮಾಡ್ತೀಯಮ್ಮಾ?’ ಅಂದೆ. ಒಬ್ಬಳು ಹೇಳಿದ್ದು: ‘ಚೆನ್ನಾಗಿಲ್ಲ ಅಂತ ವಿಡಿಯೊ ಮಾಡಲ್ಲ ಸಾರ್. ಸುಮ್ಮನಿದ್ದುಬಿಡ್ತೀನಿ.’

ಆ ಮಾತು ಇನ್ನೂ ತಲೆಯಲ್ಲಿ ಕೂತಿದೆ. ಅವಳು ಸುಳ್ಳು ಹೇಳುತ್ತಿಲ್ಲ. ಹೊಗಳಿದ್ದೆಲ್ಲ ಅವಳಿಗೆ ಹಿಡಿಸಿದ್ದೇ ಇರಬಹುದು. ಆದರೆ ಹಿಡಿಸದ ಇಪ್ಪತ್ತು ಬಾಟಲಿಗಳ ಸುದ್ದಿ ನಿಮ್ಮ ಮಗಳಿಗೆ ಯಾವತ್ತೂ ತಲುಪುವುದಿಲ್ಲ. ಪಕ್ಷಪಾತವನ್ನು ನಾವು ಆಡಿದ ಮಾತಿನಲ್ಲಿ ಹುಡುಕುತ್ತೇವೆ. ಅದು ಇರುವುದು ಆಡದೆ ಬಿಟ್ಟ ಮಾತಿನಲ್ಲಿ.

ಸಕಲೇಶಪುರ, ಮೂಡಿಗೆರೆ ಕಡೆಯ ಓದುಗರಿಗೆ ಕಾಫಿಯ ಕಪ್ ಟೇಸ್ಟಿಂಗ್ ಗೊತ್ತಿರುತ್ತದೆ. ಕಪ್ಪಿನ ಮುಂದೆ ತೋಟದ ಹೆಸರಿರುವುದಿಲ್ಲ, ಒಂದು ನಂಬರ್ ಇರುತ್ತದೆ. ರುಚಿ ನೋಡುವವನು ಸೊರ್ರನೆ ಹೀರಿ, ಉಗಿದು, ಅಂಕ ಬರೆಯುತ್ತಾನೆ. ತನ್ನ ಭಾವನ ತೋಟದ್ದೇ ಇದ್ದರೂ ಅವನಿಗೆ ತಿಳಿಯುವುದಿಲ್ಲ. ಇಲ್ಲಿ ಎಲ್ಲವೂ ತಿರುಗುಮುರುಗು. ಬಾಕ್ಸಿನ ಮೇಲೆ ಹುಡುಗಿಯ ಹೆಸರು ಅಚ್ಚಾಗಿರುತ್ತದೆ, ಒಳಗೆ ಕೈಬರಹದ ಪತ್ರ, ಹುಟ್ಟುಹಬ್ಬಕ್ಕೆ ಕೇಕು. ಇಷ್ಟಾದ ಮೇಲೆ ಆ ಕ್ರೀಮಿಗೆ ‘ನಾಲ್ಕು ಅಂಕ’ ಅನ್ನಬೇಕಾದರೆ ಕಲ್ಲು ಮನಸ್ಸು ಬೇಕು. ನನಗೇ ಆಗಲಿಲ್ಲ.

ಕಾನೂನು ಕಟ್ಟಳೆ ಇಲ್ಲವೇ ಅಂದರೆ, ಇದೆ. ಜಾಹೀರಾತು ಉದ್ಯಮದವರೇ ಕಟ್ಟಿಕೊಂಡಿರುವ ಜಾಹೀರಾತು ಮಾನದಂಡ ಮಂಡಳಿಯವರು (ಆಸ್ಕಿ) 2021ರ ಜೂನ್ 14ರಿಂದ ನಿಯಮ ತಂದಿದ್ದಾರೆ. ಕಾಸು ಪಡೆದಿರಲಿ, ಪುಕ್ಕಟೆ ಸಾಮಾನು ಪಡೆದಿರಲಿ, ಇದು ಜಾಹೀರಾತು ಅಂತ ಒಂದು ಪಟ್ಟಿ ಹಾಕಲೇಬೇಕು. 15 ಸೆಕೆಂಡಿನೊಳಗಿನ ವಿಡಿಯೊ ಆದರೆ ಆ ಪಟ್ಟಿ ಕನಿಷ್ಠ 3 ಸೆಕೆಂಡ್ ಕಾಣಬೇಕು. 2 ನಿಮಿಷದೊಳಗಿನದಾದರೆ ಮೂರನೇ ಒಂದು ಭಾಗದಷ್ಟು ಹೊತ್ತು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ ಇಂಥದೇ ಸೂಚನೆ ಹೊರಡಿಸಿತು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ, ಶಿಫಾರಸು ಮಾಡಿದವರಿಗೆ ಒಂದು ವರ್ಷದವರೆಗೆ ನಿಷೇಧ. ತೆರಿಗೆಯವರಂತೂ 2022ರ ಜುಲೈಯಿಂದಲೇ, ವರ್ಷಕ್ಕೆ 20,000 ರೂಪಾಯಿ ದಾಟಿದ ಪುಕ್ಕಟೆ ಸಾಮಾನಿನ ಮೇಲೂ ನೂರಕ್ಕೆ ಹತ್ತರಂತೆ ತೆರಿಗೆ ಮುರಿಯಬೇಕು ಅಂದಿದ್ದಾರೆ. ಆದಾಯ ತೆರಿಗೆ ಇಲಾಖೆಯ ಕಣ್ಣಿಗೆ ಆ ಬಾಕ್ಸ್ ಆದಾಯ. ‘ಸಣ್ಣ ಪ್ರೀತಿ’ ಅಂದುಕೊಂಡವನು ನಾನೊಬ್ಬನೇ.

ಆದರೂ ಅರಕಲಗೂಡಿನ ಒಂದು ಫೋನಿನಲ್ಲಿ ಓಡಿ ಮರೆಯಾಗುವ ರೀಲನ್ನು ದಿಲ್ಲಿಯಿಂದ ಯಾರು ನೋಡುತ್ತಾರೆ? ಪಟ್ಟಿ ಹಾಕುವವರದ್ದೂ ಒಂದು ಚಮತ್ಕಾರವಿದೆ: ಮಾತೆಲ್ಲ ಕನ್ನಡದಲ್ಲಿ, ‘ಆಡ್’ ಅನ್ನುವುದೊಂದು ಮಾತ್ರ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ.

ಇಲ್ಲೇ ನಾನು ನಿಮ್ಮ ಜೊತೆ ಜಗಳಕ್ಕೆ ಬರುವುದು. ‘ಒಬ್ಬರನ್ನೂ ನಂಬಬಾರದು’ ಅಂದಿರಿ. ಆ ಹೋಟೆಲಿನಲ್ಲಿ ಮಾತಾಡಿದ ಇನ್ನೊಬ್ಬ ಹುಡುಗಿ ಪ್ರತಿ ಪೇಯ್ಡ್ ವಿಡಿಯೊಗೂ ಮೊದಲೇ ಹೇಳಿಬಿಡುತ್ತಾಳೆ, ‘ಇದಕ್ಕೆ ದುಡ್ಡು ತಗೊಂಡಿದ್ದೀನಿ’ ಅಂತ, ಕನ್ನಡದಲ್ಲೇ. ಅದರ ಕೆಳಗೆ ಬಿದ್ದ ಕಾಮೆಂಟುಗಳನ್ನು ತೋರಿಸಿದಳು. ‘ಕಾಸಿಗೋಸ್ಕರ ಏನು ಬೇಕಾದ್ರೂ ಮಾಡ್ತಾರೆ’, ‘ನೀನೂ ಹಾಗೇ ಆಗ್ಬಿಟ್ಯಲ್ಲಾ’. ಏನೂ ಹೇಳದೆ ಮುಚ್ಚಿಟ್ಟವರ ಕೆಳಗೆ? ‘ಅಕ್ಕ, ನೀವು ತುಂಬಾ ಜೆನ್ಯೂನ್.’ ಹೇಳಿದವಳಿಗೆ ಬೈಗುಳ, ಮುಚ್ಚಿಟ್ಟವಳಿಗೆ ಹೂವು. ಹೀಗಾದರೆ ಮುಂದಿನ ಸಲ ಯಾರು ಹೇಳುತ್ತಾರೆ? ಎಲ್ಲರೂ ಕಳ್ಳರು ಅಂತ ಊರೇ ತೀರ್ಮಾನಿಸಿದರೆ ನಿಜವಾದ ಕಳ್ಳನಿಗೆ ಅದಕ್ಕಿಂತ ಸುಖವಿಲ್ಲ.

ಮೈಸೂರು ಸ್ಯಾಂಡಲ್ ಸೋಪಿನ ಗಲಾಟೆ ನೆನಪಿಸಿಕೊಳ್ಳಿ. 2025ರ ಮೇ ತಿಂಗಳಲ್ಲಿ ತಮನ್ನಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದರು. ಕನ್ನಡದ ನಟಿಯರಿರಲಿಲ್ಲವೇ ಅಂತ ರಾಜ್ಯವೆಲ್ಲ ಕೂಗಾಡಿತು. ಆ ವಾದದಲ್ಲಿ ಯಾರು ಸರಿ ಅನ್ನುವುದು ಬೇರೆ ಮಾತು. ನಾವು ವಾದ ಮಾಡಲು ಆದದ್ದೇ ಮೊತ್ತ ಸರ್ಕಾರಿ ಆದೇಶದಲ್ಲಿ ಇದ್ದದ್ದರಿಂದ. ಸೋಪು ಕೊಳ್ಳುವವನು ಆ 6.2 ಕೋಟಿಯನ್ನು ನೆನೆದೇ ಕೊಳ್ಳಬಹುದು. ನಿಮ್ಮ ಮಗಳಿಗೆ ಆ ಅನುಕೂಲ ಇರಲಿಲ್ಲ.

ಹಾಗಾದರೆ ಯಾರನ್ನು ಎಷ್ಟು ನಂಬಬೇಕು? ನಾನು ಈಗೀಗ ನೋಡುವುದು ಒಂದೇ: ಈಕೆ ತನ್ನ ಮಾತಿನಿಂದ ಯಾವತ್ತಾದರೂ ಏನಾದರೂ ಕಳೆದುಕೊಂಡಿದ್ದಾಳೆಯೇ? ಹೋದ ತಿಂಗಳು ಹೊಗಳಿದ್ದನ್ನು ಈ ತಿಂಗಳು ‘ನನಗೆ ಆಗಿಬರಲಿಲ್ಲ, ಕೊಳ್ಳಬೇಡಿ’ ಅಂದಿದ್ದಾಳೆಯೇ? ಅಂಥವಳು ಸಿಕ್ಕರೆ, ಕಾಸು ತೆಗೆದುಕೊಂಡಿದ್ದರೂ, ಅವಳ ಮಾತು ಪೂರ್ತಿ ಕೇಳುತ್ತೇನೆ. ಆಮೇಲೆ ಕ್ಯಾಲೆಂಡರ್ ನೋಡುತ್ತೇನೆ. ನಮ್ಮ ಮೇಲ್ಚರ್ಮ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಕಲೆ, ಮೊಡವೆಗೆ ಹಚ್ಚಿದ್ದು ಕೆಲಸ ಮಾಡಿತೋ ಇಲ್ಲವೋ ಅಂತ ತಿಳಿಯಲು ಎರಡು ಮೂರು ತಿಂಗಳೇ ಹಿಡಿಯಬಹುದು. ಹತ್ತು ದಿನದೊಳಗೆ ಎರಡು ಬಾಟಲಿಗಳನ್ನು ‘ಇದೇ ಬೆಸ್ಟ್’ ಅಂದ ನಿಮ್ಮ ಆ ಅಕ್ಕ, ಎರಡರಲ್ಲಿ ಒಂದನ್ನಾದರೂ ಸರಿಯಾಗಿ ಬಳಸಿರಲಿಕ್ಕಿಲ್ಲ. ಅದನ್ನು ಹಿಡಿಯಲು ಅವಳ ಬ್ಯಾಂಕ್ ಪಾಸ್‌ಬುಕ್ ಬೇಕಿಲ್ಲ, ತಾರೀಖು ಸಾಕು.

ಒಂದು ಕಡೆ ಮಾತ್ರ ನಿಮಗಿಂತ ಹೆಚ್ಚು ಅನುಮಾನ ನನಗೆ. ಹೆಸರಿರುವ ಕಂಪನಿಯ ಸೀರಂ ಅಲ್ಲ, ವಾಟ್ಸ್ಯಾಪ್ ಗುಂಪಿನಲ್ಲಿ ‘ಏಳು ದಿನದಲ್ಲಿ ಬೆಳ್ಳಗೆ’ ಅಂತ ಮಾರುವ, ಲೇಬಲ್ಲೇ ಇಲ್ಲದ ಡಬ್ಬಿ. ಬೇಗ ಬೆಳ್ಳಗೆ ಮಾಡುವ ಇಂಥ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಫಳಫಳ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಮೊಡವೆ ಎದ್ದು, ರೋಮ ಬೆಳೆದು, ಬಿಟ್ಟ ಕೂಡಲೇ ಉರಿ. ಚರ್ಮದ ಡಾಕ್ಟರುಗಳು ಇದಕ್ಕೆ ಬೇರೆ ಕಾಯಿಲೆಯ ಹೆಸರನ್ನೇ ಇಟ್ಟಿದ್ದಾರೆ. ಇನ್ನು ಕೆಲವದರಲ್ಲಿ ಪಾದರಸ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಆಸ್ಪತ್ರೆಗೆ ಬಂದ ಹಲವರನ್ನು ವಿಚಾರಿಸಿದಾಗ, ಅವರು ಬಳಸುತ್ತಿದ್ದ ಬೆಳ್ಳಗಾಗುವ ಕ್ರೀಮಿನ ಪಾದರಸದ ಕಡೆಗೇ ಬೆರಳು ತೋರಿತು. ಇಂಥದ್ದನ್ನು ಶಿಫಾರಸು ಮಾಡುವವರು ಯಾವ ಪಟ್ಟಿಯನ್ನೂ ಹಾಕುವುದಿಲ್ಲ, ಯಾವ ಕೋಡನ್ನೂ ಕೊಡುವುದಿಲ್ಲ. ಹೆಚ್ಚಿನವರು ಗೊತ್ತಿರುವ ಪಾರ್ಲರಿನವರು, ನೆಂಟರು, ಪಕ್ಕದ ಮನೆಯವರು.

ಮಗಳ ವಿಷಯ. ಮೊದಲು ಹಚ್ಚುವುದನ್ನು ನಿಲ್ಲಿಸಿ, ಆದರೆ ಬಾಟಲಿ ಎಸೆಯಬೇಡಿ. ಚರ್ಮದ ಡಾಕ್ಟರಿಗೆ ಅದನ್ನೇ ತೋರಿಸಬೇಕು. ಹಾಸನದ ಸರ್ಕಾರಿ ಹಿಮ್ಸ್ ಆಸ್ಪತ್ರೆಯಲ್ಲಿ ಚರ್ಮದ ವಿಭಾಗವಿದೆ (ಇದನ್ನು ಹೇಳಲು ನನಗೆ ಯಾರೂ ಏನೂ ಕೊಟ್ಟಿಲ್ಲ). ಆ ವಿಡಿಯೊದ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ, ನಾಳೆ ಅದು ಇರಲಿಕ್ಕಿಲ್ಲ. ಆಮೇಲೆ 1915ಕ್ಕೆ ಫೋನ್ ಮಾಡಿ ದೂರು ಬರೆಸಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಆಗದಿದ್ದರೆ ಹಾಸನದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಂಡ ಸಾಮಾನಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮಗಳನ್ನು ಬೈಯಬೇಡಿ, ಅವಳಿಂದಲೇ ದೂರು ಬರೆಸಿ.

ನಮ್ಮ ಪತ್ರಿಕೆಯ ವಿಷಯ. ಮುಂದಿನ ಸಂಚಿಕೆಯಿಂದ, ಯಾವ ಲೇಖನದ ಸಂಬಂಧದಲ್ಲಿ ಕಚೇರಿಗೆ ಏನೇ ಬಂದಿದ್ದರೂ ಆ ಪುಟದ ಕೆಳಗೇ ಅಚ್ಚಾಗುತ್ತದೆ, ಊಟವಾದರೂ ಸರಿ. ಕೊನೆಯ ಪುಟದ ಬ್ಯೂಟಿ ಪಾರ್ಲರ್ ಜಾಹೀರಾತು ಇದ್ದೇ ಇರುತ್ತದೆ. ಅದಿಲ್ಲದೆ ಪತ್ರಿಕೆ ನಡೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಒಡೆಯದೆ ಉಳಿದಿದ್ದ ಸನ್‌ಸ್ಕ್ರೀನ್, ಕ್ರೀಮುಗಳನ್ನು ಕೊರಿಯರ್‌ನಲ್ಲಿ ವಾಪಸ್ ಕಳಿಸಿದೆ. ಫೇಸ್‌ವಾಶ್ ಅಷ್ಟರಲ್ಲಿ ಅರ್ಧ ಖಾಲಿಯಾಗಿತ್ತು. ಅದರ ಬೆಲೆಯನ್ನು ಕಂಪನಿಯ ನಂಬರಿಗೆ ಫೋನ್‌ಪೇ ಮಾಡಿದೆ. ‘ಚೆನ್ನಾಗಿತ್ತಲ್ಲಾ, ಯಾಕೆ ಇದೆಲ್ಲ?’ ಅಂದಳು ನನ್ನ ಹೆಂಡತಿ. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

— ಸಂಪಾದಕ