ಬ್ಲೂಸ್ ಛಾಯೆಯ ಸ್ಮೂತ್ ಜಾಝ್ ಗಿಟಾರ್ ಏಕಿಷ್ಟು ಹಿಡಿಸುತ್ತದೆ?

ಮಡಿಕೇರಿಯ ಹೋಂಸ್ಟೇಯಲ್ಲಿ ಕೇಳಿಸಿದ, ಹಾಡುಗಾರರೇ ಇಲ್ಲದ ಸ್ಮೂತ್ ಜಾಝ್ (ಜಾಝ್‌ನ ಮೃದು ರೂಪ) ಗಿಟಾರ್ ಸಂಗೀತ ಮನಸ್ಸಿನಲ್ಲಿ ಉಳಿದದ್ದೇಕೆ ಎಂದು ಕೇಳಿದ್ದೀರಿ. ಮಳೆ, ಮಂಜುಗಳ ಪಾಲೂ ಸ್ವಲ್ಪ ಇದೆ ಎನ್ನಿ. ಆದರೆ ಮುಖ್ಯ ಗುಟ್ಟು ಗಾಂಧಾರದಲ್ಲಿ, ಅಂದರೆ ಸರಿಗಮದ ‘ಗ’ ಸ್ವರದಲ್ಲಿದೆ.

ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಸಂಗೀತವಾದ ಬ್ಲೂಸ್‌ನ ವಾದಕರು ಆ ಸ್ವರವನ್ನು ಒಂದೇ ಸ್ಥಾನದಲ್ಲಿ ನಿಲ್ಲಿಸುವುದಿಲ್ಲ. ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ, ನಮ್ಮ ಸಾಧಾರಣ ಗಾಂಧಾರ (ಕೆಳಗಿನ ‘ಗ’) ಮತ್ತು ಅಂತರ ಗಾಂಧಾರಗಳ (ಮೇಲಿನ ‘ಗ’) ನಡುವೆ ಎಲ್ಲೋ ತೂಗಾಡಿಸುತ್ತಾರೆ. ಹಿನ್ನೆಲೆಯ ಕೀಬೋರ್ಡ್ ಅಂತರ ಗಾಂಧಾರವನ್ನು ಹಿಡಿದಿರುವಾಗ ಗಿಟಾರ್ ಅದಕ್ಕಿಂತ ತುಸು ಕೆಳಗೆ ನರಳುತ್ತದೆ. ದುಃಖವೋ ಹಿತವೋ ಎಂದು ಕಿವಿ ತೀರ್ಮಾನಿಸಲಾರದು. ಸ್ವರವನ್ನು ತೂಗಿ ಜಾರಿಸುವ ನಮ್ಮ ಗಮಕಕ್ಕೆ ಒಗ್ಗಿದವರಿಗೆ ಇದು ಬೇಗ ಹತ್ತಿರವಾಗುತ್ತದೆ. ಕೊಡವರ ಹುತ್ತರಿ ಹಬ್ಬದಲ್ಲಿ ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್‌ನಲ್ಲಿ ರಾಗವನ್ನೆಲ್ಲ ಕಂಠವೇ ಹೊರುತ್ತದೆ. ಇಲ್ಲಿ ಆ ಕೆಲಸ ತಂತಿಯದು. ಒಂದು ಸಾಲು ನುಡಿಸಿ, ಉಸಿರೆಳೆದುಕೊಳ್ಳುವಷ್ಟು ಬಿಡುವು ಕೊಟ್ಟು ಮುಂದಿನ ಸಾಲಿಗೆ ಹೋಗುವುದರಿಂದ ಯಾರೋ ಮಾತನಾಡುತ್ತಿರುವಂತೆ ಅನಿಸುತ್ತದೆ.

ನಾದವೂ ಮೃದು. ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್‌ಗೊಮರಿ ಪ್ಲೆಕ್ಟ್ರಮ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಿಟ್ಟು ಹೆಬ್ಬೆರಳಿನಿಂದ ಮೀಟುತ್ತಿದ್ದರು. ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುವುದು ಅವರ ಗುರುತು. ಇನ್ನೊಬ್ಬ ಗಿಟಾರ್ ವಾದಕ ಜಾರ್ಜ್ ಬೆನ್ಸನ್ ತಾವು ನುಡಿಸುವ ಸ್ವರಗಳನ್ನೇ ಜೊತೆಜೊತೆಗೆ ಹಾಡುತ್ತಾರೆ. ಅವರ 1976ರ ‘ಬ್ರೀಝಿನ್’ ಆಲ್ಬಮ್ ಜಾಝ್ ಕೇಳದವರ ಮನೆಗಳನ್ನೂ ಹೊಕ್ಕಿತು.

ಈ ಬಗೆಯಲ್ಲಿ ಸಪ್ಪೆ ಸರಕೂ ಬೇಕಾದಷ್ಟಿದೆ. ಬ್ಲೂಸ್‌ನ ಒರಟುತನವನ್ನು ಪೂರ್ತಿ ಉಜ್ಜಿ ತೆಗೆದರೆ ಉಳಿಯುವುದು ಹೋಟೆಲ್ ಲಿಫ್ಟ್‌ನ ಸಂಗೀತ ಮಾತ್ರ. ಮೊದಲು ಮಾಂಟ್‌ಗೊಮರಿ, ಬೆನ್ಸನ್, ಬಳಿಕ ಇದೇ ಬಗೆಯ ಗಿಟಾರ್ ವಾದಕ ಲ್ಯಾರಿ ಕಾರ್ಲ್‌ಟನ್ ಅವರನ್ನು ಕೇಳಿ. ಹೆಡ್‌ಫೋನ್ ಇದ್ದರೆ ಒಳ್ಳೆಯದು, ಹೆಂಚಿನ ಮೇಲಿನ ಮಳೆಯ ಸದ್ದು ಸೂಕ್ಷ್ಮಗಳನ್ನು ನುಂಗಿಬಿಡುತ್ತದೆ.