ಆಫೀಸಿಗೂ ಲಾಂಗ್ ರೈಡಿಗೂ ಒಂದೇ ಗ್ರಾವೆಲ್ ಬೈಕ್ ಸಾಕಾಗುತ್ತಾ? ತಗೊಳ್ಳೋವಾಗ ಏನೇನು ನೋಡ್ಬೇಕು?

ದಿನಾ 12 ಕಿಲೋಮೀಟರ್ ಆಫೀಸು, ಭಾನುವಾರ ನಂದಿ ಬೆಟ್ಟ, ಯಾವತ್ತಾದ್ರೂ ಒಂದು 200 ಕಿಲೋಮೀಟರ್ ಬ್ರೆವೆ (ಇಷ್ಟು ಗಂಟೆ ಒಳಗೆ ಮುಗಿಸ್ಬೇಕು ಅಂತಿರೋ ಲಾಂಗ್ ರೈಡ್), ಬಜೆಟ್ 90 ಸಾವಿರ, ಎಲ್ಲಾದಕ್ಕೂ ಒಂದೇ ಸೈಕಲ್ ಅಂತ ಕೇಳಿದೀರ. ಸಾಕಾಗುತ್ತೆ, ಆರಾಮಾಗಿ. ಗ್ರಾವೆಲ್ ಬೈಕ್ ಅಂದ್ರೆ ರೇಸ್ ಸೈಕಲ್ ಥರ ಬಾಗಿದ ಹ್ಯಾಂಡಲ್, ಆದ್ರೆ ದಪ್ಪ ಟೈರ್ ಇರೋ ಸೈಕಲ್. ನಾನು ನಾಗರಬಾವಿಯಿಂದ ಜಯನಗರಕ್ಕೆ ನಾಲ್ಕು ವರ್ಷದಿಂದ ಗ್ರಾವೆಲ್ ಬೈಕಲ್ಲೇ ಓಡಾಡ್ತಿರೋದು. ಅಂಗಡಿಗೆ ಹೋದೋರೆಲ್ಲ ಗೇರ್ ಸೆಟ್ ಯಾವ್ದು, ತೂಕ ಎಷ್ಟು ಅಂತ ಶುರು ಮಾಡ್ತಾರೆ, ನೀವು ಹಂಗ್ ಮಾಡ್ಬೇಡಿ, ಮೊದಲು ಬಗ್ಗಿ ಹಿಂದಿನ ಟೈರ್ ನೋಡಿ.

ಟೈರಿಗೂ ಫ್ರೇಮಿಗೂ ನಡುವೆ ಎಷ್ಟು ಜಾಗ ಇದೆ ಅನ್ನೋದರ ಮೇಲೆ ಆ ಸೈಕಲ್ ನಿಮಗೆ ಎಷ್ಟು ಕೆಲಸಕ್ಕೆ ಬರುತ್ತೆ ಅನ್ನೋದು ನಿಂತಿದೆ. 40 ಎಂಎಂ ಅಗಲದ ಟೈರ್ ಹಾಕಿ ಮೇಲೆ ಮಡ್‌ಗಾರ್ಡೂ ಕೂರಬೇಕು. ಮಡ್‌ಗಾರ್ಡ್ ಯಾಕೆ ಅಂದ್ರೆ ಒಂದ್ಸಲ ಮಳೆ ಬಿದ್ದ ರಸ್ತೆಯಲ್ಲಿ ಆಫೀಸಿಗೆ ಹೋಗಿ ನೋಡಿ, ಅಂಗಿ ಬೆನ್ನ ಮೇಲೆ ಕೆಸರಿನ ಗೆರೆ ಎಳ್ಕೊಂಡು ಮೀಟಿಂಗಲ್ಲಿ ಕೂತಾಗ ಗೊತ್ತಾಗುತ್ತೆ. ಹಂಗೇ ಕ್ಯಾರಿಯರ್ ಬೋಲ್ಟ್ ಹಾಕೋ ತೂತು ಇದ್ಯಾ ನೋಡಿ, ಹಿಂದಿನ ಆಕ್ಸಲ್ ಹತ್ರ ಎರಡು, ಸೀಟಿನ ಕೆಳಗೆ ಎರಡು. ರೇಸಿಗೆ ಅಂತ ಮಾಡಿರೋ ಕೆಲವು ಗ್ರಾವೆಲ್ ಬೈಕಲ್ಲಿ ಇದಿರಲ್ಲ. ಲ್ಯಾಪ್‌ಟಾಪ್ ಬೆನ್ನಿಗೆ ಹಾಕ್ಕೊಂಡು ಒಂದು ವಾರ ತುಳೀಬಹುದು, ವರ್ಷಗಟ್ಟಲೆ ಆಗಲ್ಲ.

ಗೇರ್ ವಿಷಯದಲ್ಲಿ ಹೆಸರಿಗಿಂತ ಹಲ್ಲು ಎಣಿಸಿ. ನಂದಿ 1478 ಮೀಟರ್ ಎತ್ತರ, ಬುಡದಿಂದ ಸುಮಾರು 8 ಕಿಲೋಮೀಟರ್ ಏರು, ಕೊನೆ ತಿರುವುಗಳಲ್ಲಿ ನಿಮ್ಮ ಉಸಿರು ನಿಮಗೇ ಕೇಳಿಸುತ್ತೆ. ಅಲ್ಲಿ ಮುಂದೆ ಪೆಡಲ್ ಹತ್ರ 30, ಹಿಂದೆ 34 ಹಲ್ಲಿನ ಚೈನ್ ಚಕ್ರ ಇದ್ರೆ ಕೂತ್ಕೊಂಡೇ ಹತ್ತಬಹುದು. ಮುಂದೆ ಒಂದೇ ಚೈನ್ ಚಕ್ರ ಇರೋದು ಟ್ರಾಫಿಕ್ಕಲ್ಲಿ ಸುಲಭ ನಿಜ, ಆದ್ರೆ ಹಿಂದೆ ಒಂದು ಗೇರಿಂದ ಇನ್ನೊಂದಕ್ಕೆ ಜಾಸ್ತಿ ಅಂತರ ಇರುತ್ತೆ, ಎದುರುಗಾಳಿಯಲ್ಲಿ ಮೂರು ಗಂಟೆ ತುಳಿಯುವಾಗ ಇದು ತೀರಾ ಹಗುರ ಅದು ತೀರಾ ಭಾರ ಅನ್ಸುತ್ತೆ, ಅದಕ್ಕೆ ನನ್ನ ಓಟು ಮುಂದೆ ಎರಡಿರೋದಕ್ಕೆ. ಬ್ರೇಕ್ ಡಿಸ್ಕ್ ಇರ್ಲಿ. ಹೈಡ್ರಾಲಿಕ್ (ಎಣ್ಣೆ ಒತ್ತಡದಲ್ಲಿ ಹಿಡಿಯೋದು) ಬೆರಳಿಗೆ ಹಗುರ, ಕೇಬಲ್ಲಿಂದು ಎಲ್ಲಿ ಬೇಕಾದ್ರೂ ರಿಪೇರಿ ಆಗುತ್ತೆ, ನಿಮ್ಮ ಬಜೆಟ್ಟಿಗೆ ಕೇಬಲ್ ಸಾಕು.

ಸೈಕಲ್ ಜೊತೆ ಬರೋ ಉಬ್ಬು ಉಬ್ಬು ಟೈರ್ ಟಾರ್ ರೋಡಲ್ಲಿ ಗುಂಯ್ ಅಂತಿರುತ್ತೆ, ಎಳೆಯೋದೂ ಕಷ್ಟ. ನಾನು ಎರಡನೇ ತಿಂಗಳಿಗೇ ತೆಗೆದು 38 ಎಂಎಂ ನುಣ್ಣನೆ ಟೈರ್ ಹಾಕಿಸ್ದೆ. ನನ್ನ ತೂಕ 72 ಕೆಜಿ, ಮುಂದೆ 40, ಹಿಂದೆ 45 ಪಿಎಸ್‌ಐ ಗಾಳಿ. ಹಂಪು ಗುಂಡಿ ಎಲ್ಲಾ ಅದೇ ನುಂಗುತ್ತೆ, ಸಸ್ಪೆನ್ಷನ್ ಬೇಕೇ ಅನ್ಸಿಲ್ಲ.

ಇನ್ನೊಂದು ವಿಷಯ, ಯಾರೂ ಮುಂಚೆ ಹೇಳಲ್ಲ. ಒಂದ್ಸಲ ಸಾವನದುರ್ಗದಿಂದ ವಾಪಸ್ ಬರ್ತಾ ಪಂಚರ್ ಆಯ್ತು, ಸ್ಪೇರ್ ಟ್ಯೂಬ್ ಅವತ್ತೇ ಮನೇಲಿ ಬಿಟ್ಟಿದ್ದೆ. ತಳ್ಕೊಂಡು ಒಂದು ಹಳ್ಳಿ ಸೈಕಲ್ ಅಂಗಡಿಗೆ ಹೋದ್ರೆ ಅಜ್ಜ ಖುಷಿಯಿಂದ 28 ಇಂಚಿಂದು ಇದೆ ಬಾಪ್ಪ ಅಂತ ತೆಗೆದ. ಆ ಹಳೇ ಕಾಲದ 28 ಇಂಚು ನಮ್ಮ ಸೈಕಲ್ಲಿನ ಚಕ್ರದ ಸೈಜ್ 700ಸಿಗಿಂತ ಸ್ವಲ್ಪ ದೊಡ್ಡದು, ರಿಮ್ ಅಳತೆ ಅದು 635 ಎಂಎಂ, ನಮ್ದು 622. ಟ್ಯೂಬ್ ಹೆಂಗೋ ಒಳಗೆ ಕೂರ್ತಿತ್ತು, ಆದ್ರೆ ಅದರ ದಪ್ಪ ವಾಲ್ವು ನಮ್ಮ ರಿಮ್ಮಿನ ತೂತಲ್ಲಿ ತೂರ್ಲೇ ಇಲ್ಲ. ಅಜ್ಜ ಎರಡು ಸಲ ಒತ್ತಿ ನೋಡಿ, ಇದೆಂಥಾ ತೂತಪ್ಪ ಅಂದ. ಆಮೇಲೆ ಬಾಣಲೆ ನೀರಲ್ಲಿ ನನ್ನ ಟ್ಯೂಬನ್ನೇ ಮುಳುಗಿಸಿ, ಗುಳ್ಳೆ ಬಂದ ಜಾಗ ಉಜ್ಜಿ ಪ್ಯಾಚ್ ಹಾಕ್ಕೊಟ್ಟ. ಅವನ ಪಂಪೂ ನನ್ನ ಟ್ಯೂಬಿನ ಸಣ್ಣ ವಾಲ್ವಿಗೆ (ಪ್ರೆಸ್ಟಾ ಅಂತಾರೆ) ಹಿಡೀಲಿಲ್ಲ, ನನ್ನ ಬ್ಯಾಗಲ್ಲಿದ್ದ ಕೈಪಂಪಿಂದ ಇಬ್ರೂ ಸರದಿ ಮೇಲೆ ಗಾಳಿ ಹೊಡೆದ್ವಿ. ಈಗ ಎರಡು ಟ್ಯೂಬ್, ಪ್ಯಾಚ್, ಸಣ್ಣ ಹಿತ್ತಾಳೆ ಅಡಾಪ್ಟರ್ ಒಂದು ಯಾವಾಗ್ಲೂ ಸೀಟಿನ ಕೆಳಗಿನ ಚೀಲದಲ್ಲೇ. ಅಡಾಪ್ಟರ್ ಇದ್ರೆ ಪೆಟ್ರೋಲ್ ಬಂಕಲ್ಲೂ ಗಾಳಿ ಹಿಡಿಯುತ್ತೆ.

ಸೈಜ್ ನೋಡೋಕೆ ಅಂಗಡಿ ಮುಂದೆ ಒಂದು ರೌಂಡ್ ಹೊಡೆದ್ರೆ ಸಾಲದು, ನಿಧಾನಕ್ಕೆ ಪೂರ್ತಿ ಯೂಟರ್ನ್ ಮಾಡಿ, ಪಾದದ ತುದಿ ಮುಂದಿನ ಚಕ್ರಕ್ಕೆ ತಾಗುತ್ತಾ ನೋಡಿ. ಬ್ರೇಕ್ ಮೇಲೆ ಕೈ ಇಟ್ಕೊಂಡು ಹತ್ತು ನಿಮಿಷಕ್ಕೇ ಭುಜ ಎಳೆದ್ರೆ ಒಂದು ಸೈಜ್ ಚಿಕ್ಕದು ಕೇಳಿ. ಬಾಗಿದ ಹ್ಯಾಂಡಲ್ ನಿಮಗೆ ಒಗ್ಗೋದೇ ಇಲ್ಲ ಅನ್ಸಿದ್ರೆ ಸುಮ್ನೆ ನೇರ ಹ್ಯಾಂಡಲ್ಲಿನ ಹೈಬ್ರಿಡ್ ತಗೊಳ್ಳಿ, ಅದೇನೂ ಕಮ್ಮಿ ಸೈಕಲ್ ಅಲ್ಲ, ಲಾಂಗ್ ರೈಡಲ್ಲಿ ಕೈ ಇಡೋಕೆ ಜಾಗ ಕಡಿಮೆ ಅಷ್ಟೇ.

ದುಡ್ಡೆಲ್ಲಾ ಸೈಕಲ್ಲಿಗೇ ಸುರೀಬೇಡಿ, 90ರಲ್ಲಿ ಒಂದು 12 ಸಾವಿರ ಹೆಲ್ಮೆಟ್, ಲೈಟು, ಬೀಗ, ಕ್ಯಾರಿಯರ್, ಪಂಪಿಗೆ ತೆಗೆದಿಡಿ. 200ರ ಬ್ರೆವೆಗೆ ಹದಿಮೂರೂವರೆ ಗಂಟೆ ಟೈಮ್ ಇರುತ್ತೆ, ನಿಧಾನ ತುಳಿದ್ರೆ ಕತ್ತಲಾಗೇ ಆಗುತ್ತೆ, ಒಳ್ಳೆ ಲೈಟಿಲ್ದೆ ಹೊರಡ್ಬೇಡಿ. ನಿಮ್ಮ ಎತ್ತರ, ಒಳಗಾಲಿನ ಅಳತೆ (ತೊಡೆಸಂದಿಂದ ಪಾದದವರೆಗೆ) ಕೆಳಗೆ ಹಾಕಿ, ಯಾವ ಸೈಜ್ ಅಂತ ಅಂದಾಜು ಹೇಳ್ತೀನಿ.